ಸಾವಿನ ಮಾತು ಆಮೇಲೆ, ಮೊದಲು ಮಂಡಿ: ಮುಪ್ಪನ್ನು ನಿಲ್ಲಿಸಲು ಹೊರಟ ವಿಜ್ಞಾನಿಗಳಿಗೆ ಬಹಿರಂಗ ಪತ್ರ

ಮುಪ್ಪಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿಜ್ಞಾನಿಗಳಿಗೆ ಮತ್ತು ಅವರ ಲ್ಯಾಬ್‌ಗಳಿಗೆ ಹಣ ಹಾಕುತ್ತಿರುವವರಿಗೆ,

ನಮಸ್ಕಾರ.

ನನ್ನ ಅಮ್ಮನಿಗೆ ಈಗ 81. ಎರಡು ವರ್ಷದ ಹಿಂದೆ ಕಾಲು ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ. ಆದರೆ ಮೂರು ವಾರ ಮಲಗಿದ್ದಕ್ಕೇ ಕಾಲಿನ ಕಸುವು ಹೋಯಿತು. ಆಮೇಲೆ ಕುರ್ಚಿಯಿಂದ ಏಳುವುದೇ ಒಂದು ದೊಡ್ಡ ಕೆಲಸ. ಮೊದಲು ಮೆಲ್ಲಗೆ ಕುರ್ಚಿಯ ತುದಿಗೆ ಸರಿಯುತ್ತಿದ್ದಳು. ಎರಡೂ ಕೈ ಊರಿ ಮುಂದಕ್ಕೆ ಬಾಗುತ್ತಿದ್ದಳು. ಬೆರಳಿನ ಗೆಣ್ಣು ಬೆಳ್ಳಗಾಗುತ್ತಿತ್ತು. ಅರ್ಧ ಎದ್ದು ಮತ್ತೆ ದೊಪ್ಪನೆ ಕೂರುತ್ತಿದ್ದಳು. ಇನ್ನೊಂದು ಸಲ. ಮತ್ತೊಂದು ಸಲ. ನಾನು ಕೈ ಕೊಡಲು ಹೋದರೆ "ಬೇಡ, ಇರು" ಅನ್ನುತ್ತಿದ್ದಳು.

ಅಂಥ ಒಂದು ಸಂಜೆ ಟೀವಿಯಲ್ಲಿ ಯಾರೋ ಮಾತಾಡುತ್ತಿದ್ದರು. ಇನ್ನು ಕೆಲವೇ ದಶಕಗಳಲ್ಲಿ ಮುಪ್ಪು ಇರುವುದಿಲ್ಲ, ಮನುಷ್ಯ ಸಾಯಲೇಬೇಕು ಅಂತೇನಿಲ್ಲ ಅನ್ನುತ್ತಿದ್ದರು. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಸಾಯದ ಹಾಗೆ ಮಾಡ್ತಾರಂತೆ, ಸರಿ. ಆಗ ಈ ಮಂಡಿ ಏನಾಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ವಿಜ್ಞಾನಿಯಲ್ಲ. ಆ ಒಂದು ಪ್ರಶ್ನೆಗಾಗಿ ಎರಡು ವರ್ಷದಿಂದ ಸಿಕ್ಕಿದ್ದೆಲ್ಲ ಓದಿದ್ದೇನೆ. ಓದಿದ ಮೇಲೆ ನಿಮ್ಮ ಕೆಲಸದ ಬಗ್ಗೆ ಗೌರವ ಜಾಸ್ತಿಯಾಗಿದೆ. ನಿಮ್ಮ ಕೆಲಸದ ಹೆಸರಿನಲ್ಲಿ ಹೊರಗೆ ಆಡುತ್ತಿರುವ ಮಾತಿನ ಬಗ್ಗೆ ಸಂಕಟವೂ ಜಾಸ್ತಿಯಾಗಿದೆ. ಅದಕ್ಕೇ ಈ ಪತ್ರ.

ಮುಪ್ಪು ಅಂದರೆ ಹಣೆಬರಹ, ಅದನ್ನು ಯಾರೂ ಮುಟ್ಟೋಕಾಗಲ್ಲ ಅಂತ ನಾನೂ ನಂಬಿದ್ದೆ. ಹಾಗಲ್ಲ ಅಂತ ತೋರಿಸಿದವರು ನೀವು. 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನ್ ಬದಲಾದಾಗ ಅದರ ಆಯಸ್ಸು ದುಪ್ಪಟ್ಟಾಗುತ್ತದೆ ಅಂತ ಕಂಡುಕೊಂಡರು. ಎರಡು ಮೂರು ವಾರ ಬದುಕುವ ಜೀವಿ ಅದು. ನನಗೆ ಆಯಸ್ಸಿಗಿಂತ ಹಿಡಿಸಿದ್ದು ಇನ್ನೊಂದು ವಿಷಯ. ಜೊತೆಯ ಹುಳುಗಳೆಲ್ಲ ಅಲುಗಾಡದೆ ಬಿದ್ದಿದ್ದ ವಯಸ್ಸಿನಲ್ಲೂ ಈ ಹುಳುಗಳು ಚುರುಕಾಗಿ ಓಡಾಡುತ್ತಿದ್ದವು. ಬದುಕು ಉದ್ದವಾಗಿದ್ದಷ್ಟೇ ಅಲ್ಲ, ಹರೆಯವೂ ಉದ್ದವಾಗಿತ್ತು.

ಪ್ರಕೃತಿಯಲ್ಲೂ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ನೆಲದಡಿಯಲ್ಲಿ ಬದುಕುವ, ಮೈಮೇಲೆ ಕೂದಲಿಲ್ಲದ ನೇಕೆಡ್ ಮೋಲ್ ರ‍್ಯಾಟ್ ಅನ್ನೋ ಪ್ರಾಣಿ ಗಾತ್ರದಲ್ಲಿ ಇಲಿಯಷ್ಟೇ. ಇಲಿ ಬದುಕುವುದು ಹೆಚ್ಚೆಂದರೆ ಮೂರು ನಾಲ್ಕು ವರ್ಷ. ಇದು 30 ವರ್ಷ ದಾಟುತ್ತದೆ. ವಯಸ್ಸಾದಂತೆ ಅದು ಸಾಯುವ ಸಾಧ್ಯತೆ ಏರುವುದೇ ಕಾಣುತ್ತಿಲ್ಲ ಅಂತ 2018ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಒಂದು ಚಿಪ್ಪುಜೀವಿ 507 ವರ್ಷ ಬದುಕಿತ್ತು. 2006ರಲ್ಲಿ ಅದನ್ನು ಮೇಲೆತ್ತಿದಾಗ ಸತ್ತುಹೋಯಿತು. ಟುರಿಟಾಪ್ಸಿಸ್ ಅನ್ನೋ ಪುಟ್ಟ ಅಂಬಲಿಮೀನು ಪೆಟ್ಟಾದರೆ, ಹೊಟ್ಟೆಗಿಲ್ಲದಿದ್ದರೆ ತನ್ನ ಬಾಲ್ಯದ ರೂಪಕ್ಕೇ ವಾಪಸ್ ಹೋಗಿ ಮತ್ತೆ ಬೆಳೆಯುತ್ತದೆ. ಅಂದರೆ ಮುಪ್ಪಿನ ವೇಗ ಎಲ್ಲ ಜೀವಕ್ಕೂ ಒಂದೇ ಅಲ್ಲ. ಅದನ್ನು ಬದಲಿಸಬಹುದು ಅನ್ನೋ ನಿಮ್ಮ ನಂಬಿಕೆಗೆ ಆಧಾರ ಇದೆ. ಇಷ್ಟನ್ನು ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ.

ಮುಪ್ಪನ್ನೇ ಹಿಡಿದು ಕೆಲಸ ಮಾಡಬೇಕು ಅನ್ನೋದನ್ನೂ ಒಪ್ಪುತ್ತೇನೆ. ಬೆಂಜಮಿನ್ ಗಾಂಪರ್ಟ್ಜ್ ಅನ್ನೋ ಗಣಿತಜ್ಞ 1825ರಲ್ಲೇ ಒಂದು ಲೆಕ್ಕ ತೋರಿಸಿದ್ದ. ದೊಡ್ಡವರಾದ ಮೇಲೆ ನಾವು ಸಾಯುವ ಸಾಧ್ಯತೆ ವರ್ಷ ವರ್ಷಕ್ಕೂ ಒಂದೇ ಪ್ರಮಾಣದಲ್ಲಿ ಗುಣಿಸುತ್ತಾ ಹೋಗುತ್ತದೆ ಅಂತ. ಇವತ್ತಿನ ಅಂದಾಜಿನಲ್ಲಿ ಅದು ಸುಮಾರು 8 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 40ಕ್ಕೂ 80ಕ್ಕೂ ನಡುವೆ ಐದು ಸಲ ದುಪ್ಪಟ್ಟು, ಅಂದರೆ 32 ಪಟ್ಟು. ಹೀಗಿರುವಾಗ ಒಂದು ಕಾಯಿಲೆಯನ್ನು ಓಡಿಸಿದರೆ ಇನ್ನೊಂದು ಬಾಗಿಲಲ್ಲೇ ಕಾಯುತ್ತಿರುತ್ತದೆ. ಕ್ಯಾನ್ಸರನ್ನು ಪೂರ್ತಿ ಅಳಿಸಿಹಾಕಿದರೂ ಸರಾಸರಿ ಆಯಸ್ಸು ಮೂರು ವರ್ಷದ ಆಸುಪಾಸಿನಲ್ಲಿ ಮಾತ್ರ ಏರುತ್ತದೆ ಅಂತ ಓದಿದಾಗ ನಾನು ಆ ಸಾಲನ್ನು ಎರಡೆರಡು ಸಲ ಓದಿದೆ. ಎಲ್ಲ ಕಾಯಿಲೆಗೂ ಬುಡ ಒಂದೇ ಆಗಿದ್ದರೆ ಬುಡಕ್ಕೇ ಕೈ ಹಾಕಬೇಕು, ಅಲ್ವಾ?

ಆದರೆ ಆ ಬುಡದಲ್ಲಿ ಏನಿದೆ ಅಂತ ನೋಡಲು ಹೋದಾಗಲೇ 'ಅಮರತ್ವ' ಅನ್ನೋ ಪದ ನನ್ನ ಕೈ ಜಾರಿದ್ದು.

ಅಲೆಕ್ಸಿಸ್ ಕ್ಯಾರೆಲ್ ಕಥೆ ನಿಮಗೆಲ್ಲ ಗೊತ್ತು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನೊಬೆಲ್ ಪಡೆದ ವೈದ್ಯ ಆತ. 1912ರಲ್ಲಿ ಕೋಳಿಯ ಭ್ರೂಣದ ಹೃದಯದಿಂದ ಜೀವಕೋಶ ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಶುರು ಮಾಡಿದ. ಅದು 34 ವರ್ಷ ನಡೆಯಿತು. ಕ್ಯಾರೆಲ್ ತೀರಿಕೊಂಡ ಮೇಲೂ ನಡೆಯಿತು. ಜೀವಕೋಶಕ್ಕೆ ಸಾವಿಲ್ಲ ಅಂತ ಜಗತ್ತೇ ನಂಬಿತು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದನ್ನು ಸುಳ್ಳು ಮಾಡಿದರು. ಮನುಷ್ಯನ ಸಾಮಾನ್ಯ ಜೀವಕೋಶ ಸುಮಾರು 50 ಸಲ ಒಡೆದು ಎರಡಾಗುತ್ತದೆ. ಆಮೇಲೆ ನಿಂತುಬಿಡುತ್ತದೆ. ನಡುವೆ ಅದನ್ನು ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಟ್ಟು ತೆಗೆದರೂ ಲೆಕ್ಕ ಮರೆಯುವುದಿಲ್ಲ. 20ಕ್ಕೆ ನಿಂತಿದ್ದರೆ 21ರಿಂದಲೇ ಶುರು. ಕ್ಯಾರೆಲ್‌ನ ಪಾತ್ರೆಗೆ ಆಹಾರ ಹಾಕುವಾಗಲೆಲ್ಲ ಅದರ ಜೊತೆ ಹೊಸ ಜೀವಕೋಶಗಳೂ ಸೇರಿಕೊಳ್ಳುತ್ತಿದ್ದವೇನೋ ಅನ್ನೋ ಅನುಮಾನ ಇವತ್ತಿಗೂ ಇದೆ.

ಆ ಲೆಕ್ಕ ಎಲ್ಲಿ ಬರೆದಿರುತ್ತದೆ ಅನ್ನೋದು ಆಮೇಲೆ ತಿಳಿಯಿತು. ಜೀನ್‌ಗಳನ್ನು ಹೊತ್ತಿರುವ ಕ್ರೋಮೋಸೋಮಿನ ತುದಿಯಲ್ಲಿ, ಅದನ್ನು ಕಾಪಾಡುವ ಟೆಲೋಮಿಯರ್ ಅನ್ನೋ ಭಾಗ ಇರುತ್ತದೆ. ಜೀವಕೋಶ ಒಡೆದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಗಿಡ್ಡವಾಗುತ್ತದೆ. ಅದನ್ನು ಮತ್ತೆ ಬೆಳೆಸುವ ಟೆಲೋಮರೇಸ್ ಅನ್ನೋ ಕಿಣ್ವವೂ ಸಿಕ್ಕಿತು. ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜಾಕ್ ಶೋಸ್ಟಾಕ್ ಮೂವರಿಗೂ 2009ರಲ್ಲಿ ನೊಬೆಲ್ ಬಂತು. ಹಾಗಾದರೆ ಆ ಕಿಣ್ವವನ್ನು ಎಲ್ಲ ಜೀವಕೋಶಕ್ಕೂ ಕೊಟ್ಟುಬಿಟ್ಟರೆ ಮುಗೀತಲ್ಲ ಅಂತ ನನಗೂ ಅನಿಸಿತ್ತು.

ಮುಂದಿನ ಪುಟದಲ್ಲೇ ಉತ್ತರ ಇತ್ತು. ಆ ಕೆಲಸವನ್ನು ಈಗಾಗಲೇ ಮಾಡಿಕೊಂಡಿರುವ ಜೀವಕೋಶ ಒಂದಿದೆ. ಅದೇ ಕ್ಯಾನ್ಸರ್. ನೂರು ಕ್ಯಾನ್ಸರ್ ಗೆಡ್ಡೆ ತೆಗೆದುಕೊಂಡರೆ 85ರಿಂದ 90ರಲ್ಲಿ ಟೆಲೋಮರೇಸ್ ಎಚ್ಚರವಾಗಿರುತ್ತದೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳ ಗರ್ಭಕಂಠದ ಗೆಡ್ಡೆಯಿಂದ, ಆಕೆಯನ್ನು ಒಂದು ಮಾತೂ ಕೇಳದೆ, ಚೂರು ತೆಗೆದರು. ಆ ಜೀವಕೋಶಗಳು ಇಂದಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಒಡೆಯುತ್ತಲೇ ಇವೆ. ಅವುಗಳಿಗೆ ಸಾವಿಲ್ಲ. ಆ ಹೆಣ್ಣುಮಗಳು ಅದೇ ವರ್ಷ, 31ನೇ ವಯಸ್ಸಿನಲ್ಲಿ, ಅದೇ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅಮರತ್ವದ ಸುದ್ದಿ ಓದಿದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ 2006ರಲ್ಲಿ ತೋರಿಸಿದ ದಾರಿಗೂ ಇದೇ ತೊಡಕು. ನಾಲ್ಕು ಜೀನ್‌ಗಳನ್ನು ಹಾಕಿ ಬಲಿತ ಜೀವಕೋಶವನ್ನು ಭ್ರೂಣದ ಸ್ಥಿತಿಗೆ ಹಿಂದಿರುಗಿಸಬಹುದು. ಮುದಿ ಚರ್ಮದ ಚೂರಿನಿಂದ ಎಳೆಯ ಜೀವಕೋಶ! ನನ್ನ ಮಟ್ಟಿಗೆ ಈ ಕಾಲದ ಬಹಳ ದೊಡ್ಡ ಶೋಧ ಅದು. ಆದರೆ ಮೈಯೊಳಗೆ ಅದನ್ನು ಸ್ವಲ್ಪ ಜಾಸ್ತಿ ಮಾಡಿದರೆ ಜೀವಕೋಶ ತಾನು ಯಾರು ಅನ್ನೋದನ್ನೇ ಮರೆತು ಗೆಡ್ಡೆಯಾಗುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನೋದೇ ಈಗ ನಿಮ್ಮ ಮುಂದಿರುವ ಪ್ರಶ್ನೆ. ಪ್ರಕೃತಿ ಎಲ್ಲೆಲ್ಲಿ ಬ್ರೇಕ್ ಹಾಕಿದೆಯೋ ಅಲ್ಲೆಲ್ಲ ಅದಕ್ಕೊಂದು ಕಾರಣ ಇದ್ದ ಹಾಗಿದೆ.

ಇನ್ನು ಮೈಯಲ್ಲಿ ಒಡೆಯದೇ ಇರುವ, ಬದಲಾಗದೇ ಇರುವ ಭಾಗಗಳೂ ಇವೆ. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲು ಅಮ್ಮನ ಬೆರಳ ತುದಿಯಲ್ಲಿ ನೋಡಿದ್ದೆ. ಅಮ್ಮ ಜೀವನವೆಲ್ಲ ಬಟ್ಟೆ ಹೊಲಿದವಳು. ಸೂಜಿಗೆ ದಾರ ಪೋಣಿಸುವುದು ಅವಳಿಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸವಾಗಿತ್ತು. 45 ದಾಟಿದ ಮೇಲೆ ಸೂಜಿಯನ್ನು ದೂರ ಹಿಡಿಯಲು ಶುರು ಮಾಡಿದಳು. 70ರ ಹೊತ್ತಿಗೆ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಬೆಳಕಿಗೆ ಹಿಡಿದು, ಗುರಿಯಿಟ್ಟು ತರುವಳು. ದಾರ ಸೂಜಿಯ ಕಣ್ಣಿನ ಪಕ್ಕಕ್ಕೆ ಹೋಗುತ್ತಿತ್ತು. ಮತ್ತೆ ಒದ್ದೆ ಮಾಡುವಳು. ಕೊನೆಗೆ ಏನೂ ಹೇಳದೆ ಸೂಜಿ, ದಾರ ಎರಡನ್ನೂ ನನ್ನ ಕೈಗೆ ಕೊಟ್ಟುಬಿಡುವಳು.

ನಮ್ಮ ಕಣ್ಣಿನ ಮಸೂರದ ನಟ್ಟನಡುವಿನ ಪ್ರೋಟೀನು ನಾವು ಹುಟ್ಟುವ ಮೊದಲೇ ತಯಾರಾದದ್ದಂತೆ. ಸಾಯುವ ತನಕ ಅದೇ ಇರುತ್ತದೆ. ಬದಲಿ ಇಲ್ಲ. ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಹಳದಿಯಾಗುತ್ತದೆ, ಮಬ್ಬಾಗುತ್ತದೆ. ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಕೂಡ ಬಹುಪಾಲು ಎಳವೆಯಲ್ಲೇ ತಯಾರಾಗಿ ಮುಗಿದಿರುತ್ತದೆ. ಮಿದುಳಿನ ನರಕೋಶಗಳಲ್ಲಿ ಹೆಚ್ಚಿನವು ನಮ್ಮಷ್ಟೇ ವಯಸ್ಸಿನವು. ಇವನ್ನೆಲ್ಲ ಒಂದೇ ಮಾತ್ರೆ ಹೊಸದು ಮಾಡುತ್ತದೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಮಸೂರವನ್ನು ತೆಗೆದು ಹೊಸದು ಹಾಕಬಹುದು. ನರಕೋಶಗಳನ್ನು ಹಾಗೆ ತೆಗೆದು ಬದಲಾಯಿಸಿದರೆ ಅವುಗಳ ಜೊತೆ ನೆನಪೂ ಹೋಗುತ್ತದೆ. ಆಮೇಲೆ ಬದುಕುವವರು ಯಾರು?

ಮಸೂರದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಲೇಬೇಕು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಅನ್ನೋ ಕಣ್ಣಿನ ವೈದ್ಯ ಮೊಟ್ಟಮೊದಲ ಸಲ ಮನುಷ್ಯನ ಕಣ್ಣಿಗೆ ಕೃತಕ ಮಸೂರ ಹಾಕಿದ. ಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣಿನಲ್ಲಿ ವಿಮಾನದ ಕಿಟಕಿಯ ಅಕ್ರಿಲಿಕ್ ಚೂರು ಉಳಿದುಕೊಂಡಿದ್ದರೂ ಕಣ್ಣು ಕೆರಳಿರಲಿಲ್ಲ. ಆತ ಅದನ್ನು ಗಮನಿಸಿದ್ದ. ಆಗ ಆತನ ಜೊತೆಯ ವೈದ್ಯರೇ ಆತನನ್ನು ಬಹಳ ವಿರೋಧಿಸಿದರು. ಇಂದು ಅದು ಅರ್ಧ ಗಂಟೆಯ ಕೆಲಸ. ಅಮ್ಮನಿಗೂ 74ರಲ್ಲಿ ಆಪರೇಷನ್ ಆಯಿತು. ಒಂದು ತಿಂಗಳಾದ ಮೇಲೆ ಹತ್ತಿರದ ಕನ್ನಡಕ ಹಾಕಿಕೊಂಡು, ಒಂದೇ ಸಲಕ್ಕೆ ದಾರ ಪೋಣಿಸಿದಳು. ಪೋಣಿಸಿ, ಬಿಚ್ಚಿ, ಮತ್ತೆ ಪೋಣಿಸಿದಳು. ಅವತ್ತು ಅವಳ ಮುಖ ನೋಡಬೇಕಿತ್ತು ನೀವು. ಆ ವೈದ್ಯ ಯಾರಿಗೂ ಅಮರತ್ವದ ಮಾತು ಕೊಟ್ಟವನಲ್ಲ. ಮುಪ್ಪಿನ ಕೈಯಿಂದ ಒಂದು ತುಂಡನ್ನು ಕಿತ್ತು ವಾಪಸ್ ತಂದುಕೊಟ್ಟ.

ಈಗ ನೇರ ಪ್ರಶ್ನೆಗೆ ಬರುತ್ತೇನೆ. ವಿಜ್ಞಾನ ಮುಪ್ಪನ್ನು ನಿಲ್ಲಿಸಬಲ್ಲುದೇ? ನಿಧಾನ ಮಾಡಬಹುದು ಅಂತ ನಾನು ನಂಬುತ್ತೇನೆ. ಕೆಲವು ಭಾಗಗಳನ್ನು ರಿಪೇರಿ ಮಾಡಬಹುದು, ಅದು ಈಗಾಗಲೇ ನಡೆಯುತ್ತಿದೆ. ಪೂರ್ತಿ ನಿಲ್ಲಿಸುವುದು ಬಹಳ ಕಷ್ಟ, ಯಾಕೆ ಅಂತ ಮೇಲೆ ಹೇಳಿದ್ದೇನೆ. ನಿಲ್ಲಿಸಿದರೂ ಅಮರರಾಗುತ್ತೇವೆಯೇ? ಇಲ್ಲ. ಇದಕ್ಕೆ ಜೀವಶಾಸ್ತ್ರ ಬೇಡ, ಬರೀ ಲೆಕ್ಕ ಸಾಕು. ಗಟ್ಟಿಮುಟ್ಟಾದ 30ರ ಹರೆಯದವರಲ್ಲೂ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬರು ಸಾಯುತ್ತಾರೆ. ಅಪಘಾತ, ಸೋಂಕು, ಏನೋ ಒಂದು. ಎಲ್ಲರೂ 30ರಲ್ಲೇ ನಿಂತುಬಿಟ್ಟರು ಅಂತಲೇ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಹೆಚ್ಚುಕಡಿಮೆ 700 ವರ್ಷದೊಳಗೆ ಅರ್ಧ ಜನ ಹೋಗಿರುತ್ತಾರೆ. 700 ವರ್ಷ ದೊಡ್ಡದೇ. ಆದರೆ ಅದು ಅಮರತ್ವ ಅಲ್ಲ. ಉದ್ದ ಆಯಸ್ಸು, ಅಷ್ಟೇ. ಪದವನ್ನು ಸರಿಯಾಗಿ ಬಳಸಿ ಅಂತ ಕೇಳುವುದು ತಪ್ಪೇ?

ನಾವು ಸದ್ಯ ಎಲ್ಲಿದ್ದೇವೆ ಅಂತಲೂ ನೋಡಿ. ದಾಖಲೆ ಇರುವವರಲ್ಲಿ ಅತಿ ಹೆಚ್ಚು ಬದುಕಿದ್ದು ಫ್ರಾನ್ಸಿನ ಜಾನ್ ಕಾಲ್ಮೋ. 122 ವರ್ಷ 164 ದಿನ. ಆಕೆ ತೀರಿಕೊಂಡಿದ್ದು 1997ರಲ್ಲಿ. ಅಂದಿನಿಂದ ಇಂದಿನವರೆಗೆ ವಿಜ್ಞಾನ ಎಷ್ಟೊಂದು ಮುಂದೆ ಬಂದಿದೆ, ಆದರೂ ಆ ಗೆರೆಯನ್ನು ಯಾರೂ ದಾಟಿಲ್ಲ. 2000ದಲ್ಲಿ ಇಬ್ಬರು ವಿಜ್ಞಾನಿಗಳು ಪಂದ್ಯ ಕಟ್ಟಿದರು. ಆಗಲೇ ಹುಟ್ಟಿರುವ ಒಬ್ಬರಾದರೂ 150 ವರ್ಷ ಬದುಕುತ್ತಾರೆ ಅಂತ ಸ್ಟೀವನ್ ಆಸ್ಟಡ್, ಇಲ್ಲ ಅಂತ ಜೇ ಓಲ್‌ಶಾನ್‌ಸ್ಕಿ. ತೀರ್ಮಾನ 2150ರಲ್ಲಿ. ನೋಡಲು ನಾವ್ಯಾರೂ ಇರುವುದಿಲ್ಲ. ಮನುಷ್ಯರ ಮೇಲೆ ಆಯಸ್ಸಿನ ಪ್ರಯೋಗ ಮಾಡುವುದರ ಕಷ್ಟವೇ ಇದು. ಇಲಿಯ ಮೇಲಾದರೆ ಮೂರು ವರ್ಷದಲ್ಲಿ ಉತ್ತರ ಸಿಗುತ್ತದೆ. ನಮ್ಮಲ್ಲಿ ಉತ್ತರ ಬರುವ ಹೊತ್ತಿಗೆ ಪ್ರಶ್ನೆ ಕೇಳಿದವರೇ ಇರುವುದಿಲ್ಲ.

ಇಲಿಯ ವಿಷಯ ಬಂತು. ರ‍್ಯಾಪಮೈಸಿನ್ ಅನ್ನೋ ಔಷಧದ ಕಥೆ ನನಗೆ ತುಂಬಾ ಇಷ್ಟ. 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಒಂದಿಷ್ಟು ಮಣ್ಣು. ಅದರಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಸುರೇಂದ್ರನಾಥ್ ಸೆಹಗಲ್ ಮತ್ತು ತಂಡದವರು ಈ ಔಷಧ ಬೇರ್ಪಡಿಸಿದರು. ಕಂಪನಿಯ ಮೇಲಿನವರು ಆ ಕೆಲಸ ನಿಲ್ಲಿಸಿದಾಗ ಸೆಹಗಲ್ ಅದರ ಮಾದರಿಯನ್ನು ಮನೆಯ ಫ್ರೀಜರ್‌ನಲ್ಲಿ ಜೋಪಾನ ಮಾಡಿಟ್ಟಿದ್ದರು. 1999ರಲ್ಲಿ ಅದು ಕಿಡ್ನಿ ಕಸಿಯಾದವರಿಗೆ ಔಷಧವಾಗಿ ಬಂತು. 2009ರಲ್ಲಿ ಮೂರು ಲ್ಯಾಬ್‌ಗಳು ಒಟ್ಟಿಗೆ ಇಲಿಗಳಿಗೆ ಕೊಟ್ಟು ನೋಡಿದವು. ಎಳೆಯ ಇಲಿಗಳಿಗಲ್ಲ, 600 ದಿನ ದಾಟಿದ, ಮನುಷ್ಯರಲ್ಲಾದರೆ 60ರ ಆಸುಪಾಸಿನ ಇಲಿಗಳಿಗೆ. ಹೆಣ್ಣಿಲಿಗಳ ಆಯಸ್ಸು 14%, ಗಂಡಿಲಿಗಳದ್ದು 9% ಹೆಚ್ಚಿತು. ಇಳಿವಯಸ್ಸಿನಲ್ಲಿ ಶುರು ಮಾಡಿದರೂ ಪ್ರಯೋಜನ ಇದೆ ಅಂತ ಅದು ತೋರಿಸಿತು. ಆದರೆ ಅದೇ ಔಷಧ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಬಾಯಿ ಹುಣ್ಣು ತರುತ್ತದೆ, ರಕ್ತದಲ್ಲಿ ಸಕ್ಕರೆ ಏರಿಸಬಹುದು. ಇಲಿಗೆ ಕೊಟ್ಟ ಹಾಗೆ ಮನುಷ್ಯನಿಗೆ ಕೊಟ್ಟುಬಿಡುವುದಕ್ಕೆ ಆಗುವುದಿಲ್ಲ. ನೀವು ಹುಷಾರಾಗಿದ್ದೀರಿ, ಒಳ್ಳೆಯದು.

ಹುಷಾರಾಗಿಲ್ಲದವರು ಬೇರೆ ಇದ್ದಾರೆ. ಅವರ ಬಗ್ಗೆ ನೀವು ಸುಮ್ನೆ ಇರುವುದೇ ನನ್ನ ದೂರು.

ನಮ್ಮ ಹತ್ತಿರದ ಬಂಧುವೊಬ್ಬರು 70ರ ವಯಸ್ಸಿನಲ್ಲಿ 'ವಯಸ್ಸನ್ನು ಹಿಂದಕ್ಕೆ ತಿರುಗಿಸುವ' ಡ್ರಿಪ್ ಹಾಕಿಸಿಕೊಂಡರು. ಒಂದಲ್ಲ, ಹನ್ನೆರಡು. ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಹೊಳೆಯುವ ಕಾಗದದ ಒಂದು ಪುಸ್ತಿಕೆ ಕೊಟ್ಟಿದ್ದರು. ಅದರಲ್ಲಿ ಟೆಲೋಮಿಯರ್ ಚಿತ್ರ ಇತ್ತು, ನೊಬೆಲ್ ಮಾತಿತ್ತು. ನಿಮ್ಮ ನಲವತ್ತು ಐವತ್ತು ವರ್ಷದ ದುಡಿಮೆಯನ್ನು ಜಾಹೀರಾತಿಗೆ ಬಳಸಿಕೊಂಡಿದ್ದರು. ಆರು ತಿಂಗಳಾದ ಮೇಲೂ ಅವರ ಸುಸ್ತು ಹಾಗೇ ಇತ್ತು. ಪರೀಕ್ಷೆ ಮಾಡಿಸಿದಾಗ ಗೊತ್ತಾಗಿದ್ದು ಥೈರಾಯ್ಡ್ ತೊಂದರೆ. ದಿನಕ್ಕೊಂದು ಸಣ್ಣ ಮಾತ್ರೆಯಿಂದ ಸರಿಹೋಯಿತು.

ಇದು ಹಳೆಯ ರೋಗ. 1889ರಲ್ಲಿ ಬ್ರೌನ್ ಸೆಕಾರ್ ಅನ್ನೋ ದೊಡ್ಡ ಶರೀರಶಾಸ್ತ್ರಜ್ಞ ತನ್ನ 72ನೇ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ರಸವನ್ನು ಚುಚ್ಚಿಕೊಂಡು ಹರೆಯ ಮರಳಿತು ಅಂತ ಸಾರಿದ. 1920ರ ದಶಕದಲ್ಲಿ ವೊರೊನಾಫ್ ಅನ್ನೋ ಶಸ್ತ್ರವೈದ್ಯ ಕೋತಿಯ ವೃಷಣದ ಚೂರನ್ನು ಗಂಡಸರಿಗೆ ಕಸಿ ಮಾಡಿದ. ಎಳೆಯರ ರಕ್ತದ ಪ್ಲಾಸ್ಮಾವನ್ನು ವಯಸ್ಸಾದವರಿಗೆ ಹಾಕುವುದರಿಂದ ಪ್ರಯೋಜನ ಸಾಬೀತಾಗಿಲ್ಲ, ಅಪಾಯ ಮಾತ್ರ ಇದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಬೇಕಾಯಿತು. 2002ರಲ್ಲಿ ನಿಮ್ಮಲ್ಲೇ 51 ಜನ ವಿಜ್ಞಾನಿಗಳು ಸೇರಿ, ಮುಪ್ಪನ್ನು ತಡೆಯುತ್ತದೆ ಅಂತ ಸಾಬೀತಾದ ಔಷಧ ಮಾರುಕಟ್ಟೆಯಲ್ಲಿ ಒಂದೂ ಇಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. ಅಷ್ಟು ಧೈರ್ಯದ ಮಾತು ಈಗ ಮತ್ತೆ ಬೇಕು. ಪ್ರತಿ ವರ್ಷವೂ ಬೇಕು.

ಇನ್ನೊಂದು ಕಡೆ ಇದಕ್ಕೆ ಪೂರ್ತಿ ಉಲ್ಟಾ ಮಾತು. ಅಮ್ಮ ಬಿದ್ದಾಗ ಅವಳನ್ನು ನೋಡಿದ ವೈದ್ಯರು ಎಕ್ಸ್‌ರೇ ನೋಡಿ, "ಏನೂ ಮುರಿದಿಲ್ಲ. ವಯಸ್ಸಾಯ್ತಲ್ಲ, ಇನ್ನು ಹೀಗೇ" ಅಂದರು. ಎರಡು ನಿಮಿಷದ ಮಾತು. ಅಮ್ಮ ಅದನ್ನು ತೀರ್ಪಿನ ಹಾಗೆ ತೆಗೆದುಕೊಂಡಳು. ಅವತ್ತಿನಿಂದ ಕುರ್ಚಿ ಬಿಟ್ಟು ಏಳುವ ಪ್ರಯತ್ನವನ್ನೇ ಕಡಿಮೆ ಮಾಡಿದಳು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲೂ ಮೊದಲು 'ಮುಪ್ಪು' ಅಂತಲೇ ಒಂದು ನಮೂದು ಸೇರಿಸಿದ್ದರು. ಬಹಳ ಜನ ವಿರೋಧಿಸಿದ ಮೇಲೆ ಅದನ್ನು ತೆಗೆದು 'ವಯಸ್ಸಿನೊಂದಿಗೆ ಬರುವ ಸಾಮರ್ಥ್ಯದ ಕುಸಿತ' ಅನ್ನೋ ಅರ್ಥ ಬರುವ ಮಾತು ಹಾಕಿದರು. ಪದ ಬದಲಾದರೆ ಏನಾಯ್ತು ಅಂತ ಕೇಳಬೇಡಿ. 'ಮುಪ್ಪು' ಅಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. 'ಸಾಮರ್ಥ್ಯ ಕುಸಿದಿದೆ' ಅಂದರೆ ಯಾವ ಸಾಮರ್ಥ್ಯ, ಎಷ್ಟು, ವಾಪಸ್ ತರಬಹುದಾ ಅಂತ ಕೇಳಲೇಬೇಕಾಗುತ್ತದೆ.

ವಾಪಸ್ ತರಬಹುದು ಅನ್ನೋದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ 1990ರದ್ದು. ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನಿ ಅನ್ನೋ ವೈದ್ಯೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಹತ್ತರಲ್ಲಿ ಒಂಬತ್ತು ಜನ ಪೂರ್ತಿ ಮಾಡಿದರು. ಅವರ ಕಾಲಿನ ಶಕ್ತಿ ಸರಾಸರಿ 174% ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. 90ರಲ್ಲಿ! ಜೀನ್ ಬದಲಿಸಲಿಲ್ಲ, ಎಳೆಯರ ರಕ್ತ ಹಾಕಲಿಲ್ಲ. ಇದು ಗೊತ್ತಾಗಿ 30 ವರ್ಷ ದಾಟಿದರೂ ನಮಗೆ ಸಿಕ್ಕಿದ್ದು "ವಯಸ್ಸಾಯ್ತಲ್ಲ" ಅನ್ನೋ ಮಾತು ಮಾತ್ರ.

ನಾವು ಫಿಸಿಯೋಥೆರಪಿ ಮಾಡಿಸುವ ಒಬ್ಬ ಹುಡುಗಿಯನ್ನು ಹುಡುಕಿದೆವು. ಮೊದಲ ದಿನವೇ ಅವಳು ಅಮ್ಮನ ಎರಡೂ ಕೈಯನ್ನು ಎದೆಗೆ ಅಡ್ಡ ಕಟ್ಟಿಸಿ, "ಅಜ್ಜಿ, ಈಗ ಏಳಿ" ಅಂದಳು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಹುದು ಅನ್ನೋ ಪರೀಕ್ಷೆ ಅದು. ಅಮ್ಮನ ಲೆಕ್ಕ ಸೊನ್ನೆ. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ ಅಭ್ಯಾಸ ಶುರುವಾಯಿತು. ಮೂರನೇ ವಾರ ಒಂದು ದಿಂಬು ತೆಗೆದರು. ಎರಡನೇ ತಿಂಗಳು ಇನ್ನೊಂದು. ನಾಲ್ಕನೇ ತಿಂಗಳು ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಆರು ಸಲ. ಅಮ್ಮ ಕ್ಯಾಲೆಂಡರಿನ ಚೌಕದಲ್ಲಿ ಆ ಸಂಖ್ಯೆಯನ್ನು ತಾನೇ ಬರೆದಳು. ಮಂಡಿ ಇನ್ನೂ ನೋಯುತ್ತದೆ. ಆದರೆ ಈಗ ಬಾಗಿಲಿಗೆ ಯಾರಾದರೂ ಬಂದರೆ ತಾನೇ ಎದ್ದು ಹೋಗುತ್ತಾಳೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಔಷಧ ಗೆದ್ದಿತೋ ಇಲ್ಲವೋ ಅಂತ ಅಳೆಯುವಾಗ ಆಯಸ್ಸನ್ನಷ್ಟೇ ಎಣಿಸಬೇಡಿ, ರಕ್ತದಲ್ಲಿನ ಯಾವುದೋ ಗುರುತನ್ನಷ್ಟೇ ನೋಡಿ 'ಹತ್ತು ವರ್ಷ ಚಿಕ್ಕವರಾದರು' ಅಂತ ಸಾರಬೇಡಿ. ಕುರ್ಚಿಯಿಂದ ಏಳುವುದನ್ನು ಎಣಿಸಿ. ನಡೆಯುವ ವೇಗವನ್ನು ಅಳೆಯಿರಿ. ತಮ್ಮ ಬಟ್ಟೆಯ ಗುಂಡಿಯನ್ನು ತಾವೇ ಹಾಕಿಕೊಳ್ಳುತ್ತಾರಾ ನೋಡಿ. ಇದಕ್ಕೆ 150 ವರ್ಷ ಕಾಯಬೇಕಿಲ್ಲ, ಒಂದೆರಡು ವರ್ಷದಲ್ಲಿ ಉತ್ತರ ಸಿಗುತ್ತದೆ. ಪ್ರಯೋಗಕ್ಕೆ ಜನರನ್ನು ಆರಿಸುವಾಗ ನಾಲ್ಕು ಕಾಯಿಲೆ ಇರುವ, ಐದು ಮಾತ್ರೆ ನುಂಗುವ ಮುದುಕಿಯರನ್ನು ಹೊರಗಿಡಬೇಡಿ. ಔಷಧ ಕೊನೆಗೆ ಬೇಕಾಗಿರುವುದು ಅವರಿಗೇ ಅಲ್ವಾ? ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತರೆ ಅದನ್ನೂ ಅಷ್ಟೇ ಜೋರಾಗಿ ಹೇಳಿ.

ಹಣ ಹಾಕುವವರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಜಗತ್ತಿನ ಸರಾಸರಿ ಆಯಸ್ಸು ಸುಮಾರು 73. ಅದರಲ್ಲಿ ಆರೋಗ್ಯವಾಗಿ ಕಳೆಯುವ ವರ್ಷ 63ಕ್ಕಿಂತ ತುಸು ಹೆಚ್ಚು. ನಡುವಿನ ಆ ಹೆಚ್ಚುಕಡಿಮೆ ಹತ್ತು ವರ್ಷದಲ್ಲಿ ಕೋಟಿಗಟ್ಟಲೆ ಜನ ಈಗ, ಈ ಗಳಿಗೆಯಲ್ಲಿ ಬದುಕುತ್ತಿದ್ದಾರೆ. ನೀವು ಆಯಸ್ಸನ್ನು 120ಕ್ಕೆ ಎಳೆದು ಆ ಹತ್ತನ್ನು ನಲವತ್ತು ಮಾಡಿದರೆ, ಗಾಯ ಮಾಯದೆ ಅಲೆಯುವ ಅಶ್ವತ್ಥಾಮನ ಪಾಡು ಎಲ್ಲರದ್ದೂ ಆಗುತ್ತದೆ. ಆಯಸ್ಸು ಈಗಿನಷ್ಟೇ ಇದ್ದು ಆ ಹತ್ತು ಮೂರಕ್ಕೆ ಇಳಿದರೂ ನಾನು ನಿಮಗೆ ಕೈ ಮುಗಿಯುತ್ತೇನೆ. ಅದು ಸಿಕ್ಕಾಗ ಕೊಳ್ಳಲು ಆಗುವವರಿಗಷ್ಟೇ ಸಿಗಬಾರದು. ಕೃತಕ ಮಸೂರ ಒಂದು ಕಾಲದಲ್ಲಿ ಕೆಲವರಿಗೆ ಮಾತ್ರ ಇತ್ತು. ಈಗ ಜಗತ್ತಿನಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಕಣ್ಣಿಗೆ ಅದನ್ನು ಹಾಕುತ್ತಾರೆ. ಮುಂದಿನ ಔಷಧಕ್ಕೂ ಅದೇ ದಾರಿ ಇರಲಿ.

ಸಾವಿಲ್ಲದಿದ್ದರೆ ಭೂಮಿ ತುಂಬಿಹೋಗುತ್ತೆ, ಬದುಕು ಬೇಜಾರಾಗುತ್ತೆ ಅನ್ನೋ ವಾದಗಳನ್ನು ನಾನಿಲ್ಲಿ ಎತ್ತುವುದಿಲ್ಲ. 81ರ ಅಮ್ಮನಿಗೆ ಬದುಕು ಬೇಜಾರಾಗಿಲ್ಲ. ಇನ್ನಷ್ಟು ವರ್ಷ ಬೇಕು ಅಂತ ಆಸೆ ಪಡುವುದು ತಪ್ಪು ಅಂತ ನಾನು ಯಾರಿಗೂ ಹೇಳಲಾರೆ. ಅವಳು ಇನ್ನೂ ಬಹಳ ವರ್ಷ ಇರಲಿ ಅಂತಲೇ ನನ್ನ ಆಸೆ.

ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಟೀವಿಯವರ ಮಾತಿಗೆ ತಾನು ಕೇಳಿದ ಪ್ರಶ್ನೆಯನ್ನು ಹಾಗೇ ಇಟ್ಟಿದ್ದಕ್ಕೆ ಖುಷಿಪಟ್ಟಳು. "ಅವರು ಉತ್ತರ ಬರೀತಾರಾ?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ನಿಮ್ಮಲ್ಲಿ ಒಬ್ಬರಾದರೂ ಬರೆಯುವುದಾದರೆ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ನಾನು ಓದಿ ಹೇಳುವುದು ಬೇಡವಂತೆ, ಅವಳೇ ಓದುತ್ತಾಳಂತೆ.

ಇಂತಿ,
ಕುರ್ಚಿಯ ಪಕ್ಕ ನಿಂತು ಎಣಿಸುವವರಲ್ಲಿ ಒಬ್ಬರು